ಟೀನೇಜ್ ಮಕ್ಕಳ ಜೊತೆ ‘ನಾನ್ಯಾರು, ನಮ್ಮೋರ್ಯಾರು’ ನಾಟಕ ಕಟ್ಟೋದು ಹೇಗೆ: ಹಂತ ಹಂತವಾಗಿ

ಇದು ಮಕ್ಕಳು ತಮ್ಮ ಹೆಸರು, ಮನೆ, ಹಿರಿಯರ ಕಥೆಗಳಿಂದ ತಾವೇ ಕಟ್ಟೋ ನಾಟಕ. ಬೆಂಗಳೂರಲ್ಲಿ ಸ್ಕೂಲು, ಅಪಾರ್ಟ್‌ಮೆಂಟು, ಬಡಾವಣೆ ಲೈಬ್ರರಿ ಅಂತ ಎಲ್ಲೆಲ್ಲೋ ಮಕ್ಕಳಿಗೆ ನಾಟಕ ಹೇಳಿಕೊಡೋ ಗೆಳೆಯರು ಪ್ರತಿ ವರ್ಷ ನನ್ನ ಹತ್ರ ಇದೇ ಮೂರು ಮಾತು ಹೇಳ್ತಾರೆ. ಒಂದು, "ಮನೆ ಬಗ್ಗೆ ಹೇಳ್ರೋ ಅಂದ್ರೆ ಒಬ್ರೂ ಬಾಯಿ ಬಿಡ್ತಿಲ್ಲ." ಎರಡು, "ಕೊನೆಗೆ ಫ್ಯಾನ್ಸಿ ಡ್ರೆಸ್ ಆಗೋಯ್ತು, ಒಬ್ಬ ಕೊಡಗಿನ ಕುಪ್ಯ ಹಾಕ್ಕೊಂಡ, ಇನ್ನೊಬ್ಬಳು ಇಳಕಲ್ ಸೀರೆ ಉಟ್ಕೊಂಡ್ಳು, ನಾಟಕ ಎಲ್ಲೂ ಇಲ್ಲ." ಮೂರು, "ಒಂದು ಮಗು ಅತ್ತುಬಿಡ್ತು, ಮಾರನೇ ದಿನ ಅಪ್ಪ ಅಮ್ಮ ಬಂದು ಜಗಳ ಮಾಡಿದ್ರು."

ಮೂರಕ್ಕೂ ಕಾರಣ ಒಂದೇ. ಮೊದಲನೇ ಕ್ಲಾಸಲ್ಲೇ ಚಾರ್ಟ್ ಪೇಪರ್ ಕೊಟ್ಟು ವಂಶವೃಕ್ಷ ಬರೀರಿ ಅನ್ನೋದು. ನಾನೂ ಹಾಗೇ ಶುರು ಮಾಡಿದ್ದೆ. ಒಬ್ಬ ಹುಡುಗಿ ‘ಅಮ್ಮ’ ಅನ್ನೋ ಒಂದು ಪದ ಬರೆದು ಸುತ್ತ ಬಾಕ್ಸ್ ಹಾಕಿ, ಒಂದೂವರೆ ಗಂಟೆ ಆ ಬಾಕ್ಸನ್ನೇ ಪೆನ್ಸಿಲಲ್ಲಿ ಮತ್ತೆ ಮತ್ತೆ ತಿದ್ದುತ್ತಾ ಕೂತಿದ್ಲು, ಪಕ್ಕದ ಹುಡುಗನ ಚಾರ್ಟಲ್ಲಿ ಏಳು ತಲೆಮಾರು ಇಳಿದಿತ್ತು. ಆ ತಂಡ ಅವತ್ತೇ ಒಡೆದುಹೋಗಿತ್ತು, ನನಗೆ ಅದು ಗೊತ್ತಾಗೋಕೆ ಮೂರು ವಾರ ಹಿಡೀತು.

ಹಾಗಾಗಿ ಈ ಕೆಲಸದಲ್ಲಿ ಯಾವ ಆಟ ಆಡಿಸ್ತೀರಿ ಅನ್ನೋದಕ್ಕಿಂತ ಯಾವುದಾದ ಮೇಲೆ ಯಾವುದು ಅನ್ನೋದು ಮುಖ್ಯ. ಮೊದಲು ಮೈ, ಆಮೇಲೆ ಹೆಸರು, ಆಮೇಲೆ ವಸ್ತು, ಆಮೇಲೆ ಮನೆಯವರ ಮಾತು, ವಂಶ ಅನ್ನೋದು ಐದನೇದು. ದಯವಿಟ್ಟು ಈ ಕ್ರಮ ಹಿಂದೆಮುಂದೆ ಮಾಡಬೇಡಿ.

ಶುರು ಮಾಡೋ ಮೊದಲು

ವಯಸ್ಸು 13ರಿಂದ 17. ಸಂಖ್ಯೆ 12ರಿಂದ 18, ಅದಕ್ಕಿಂತ ಜಾಸ್ತಿ ಇದ್ರೆ ಎರಡು ಬ್ಯಾಚ್ ಮಾಡಿ, ಯಾಕಂದ್ರೆ ಇಲ್ಲಿ ಪ್ರತಿಯೊಬ್ಬರ ಮಾತನ್ನೂ ಕೂತು ಕೇಳಬೇಕು. ಒಂದೂವರೆ ಗಂಟೆಯ 12 ಕ್ಲಾಸು, ಅದರ ಮೇಲೆ ನಾಲ್ಕು ರಿಹರ್ಸಲ್, ಕೊನೇ ಶೋ ಆದಮೇಲೆ ಇನ್ನೊಂದು ಕ್ಲಾಸು. ಆ ಕೊನೇ ಕ್ಲಾಸನ್ನ ಎಲ್ಲರೂ ಬಿಟ್ಟುಬಿಡ್ತಾರೆ, ಅದನ್ನ ಈಗಲೇ ಕ್ಯಾಲೆಂಡರಲ್ಲಿ ಬರ್ಕೊಂಡುಬಿಡಿ.

ದೊಡ್ಡವರು ಇಬ್ಬರಿರಲೇಬೇಕು. ಒಬ್ಬರು ಆಟ ನಡೆಸ್ತಿದ್ರೆ ಇನ್ನೊಬ್ಬರು ಮಕ್ಕಳ ಮುಖ ನೋಡ್ತಿರಬೇಕು, ಯಾರಾದ್ರೂ ಎದ್ದು ಹೊರಗೆ ಹೋದ್ರೆ ಅವರ ಹಿಂದೆ ಹೋಗೋಕೆ ಒಬ್ಬರು ಬೇಕು. ನಾನು ಒಬ್ಬಳೇ ಮಾಡಿದ ವರ್ಷಗಳೆಲ್ಲ ಏನೋ ಒಂದು ಕೈತಪ್ಪಿ ಹೋಗಿದೆ.

ಸಾಮಾನು ಜಾಸ್ತಿ ಬೇಡ. ಚಾಕ್‌ಪೀಸು, ಎಂಟತ್ತು ಹಳೇ ಕಾಟನ್ ಸೀರೆ ಮತ್ತು ಪಂಚೆ, ಒಂದು ದಮ್ಮಡಿ ಅಥವಾ ತಮಟೆ, ಹತ್ತು ಮೀಟರ್ ಹಗ್ಗ, ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ಕು, ರೆಕಾರ್ಡ್ ಮಾಡೋಕೆ ಮೊಬೈಲು. ಬಾಡಿಗೆ ಕಾಸ್ಟ್ಯೂಮ್ ತರಿಸ್ಲೇಬೇಡಿ. ಕಾಸ್ಟ್ಯೂಮ್ ಬಂದ ದಿನದಿಂದ ಮಕ್ಕಳು ನಾಟಕ ಬಿಟ್ಟು ಕನ್ನಡಿ ನೋಡ್ಕೊಳಕ್ಕೆ ಶುರು ಮಾಡ್ತಾರೆ.

ಮನೆಗೆ ಒಂದು ಕಾಗದ ಕಳಿಸಿ, ಒಂದೇ ಪುಟ. ಅದರಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ: ಮಗು ಮನೆಯ ಹಿರಿಯರನ್ನ ಪ್ರಶ್ನೆ ಕೇಳುತ್ತೆ, ನೀವು ಹೇಳೋದು ನಾಟಕದಲ್ಲಿ ಬರೋ ಮೊದಲು ನಿಮಗೆ ಓದಿ ಹೇಳ್ತೀವಿ, ಬೇಡ ಅಂದ್ರೆ ಕಾರಣ ಕೇಳದೆ ತೆಗೀತೀವಿ. ಕನ್ನಡ ಓದೋಕೆ ಬರದ ಮನೆಗಳಿಗೆ ಫೋನ್ ಮಾಡಿ ಅವರ ಭಾಷೇಲಿ ಹೇಳಿಸಿ.

ಇನ್ನೊಂದು, ಮಕ್ಕಳಿಗೆ "ಏನೇ ಹೇಳಿದ್ರೂ ನಾನು ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರೋದು ತಿಳಿದ್ರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಇದು ನಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಮೊದಲ ದಿನವೇ ಹೀಗೆ ಹೇಳಿ: "ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ, ಆದರೆ ನಿಮಗೆ ಯಾರಾದ್ರೂ ನೋವು ಮಾಡ್ತಿದ್ರೆ ನಾನು ಸಹಾಯ ಕರೀತೀನಿ, ಕರೆಯೋ ಮೊದಲು ನಿಮಗೆ ಹೇಳ್ತೀನಿ." ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ನಂಬರ್ ಬೋರ್ಡ್ ಮೇಲೆ ದಿನಾ ಇರಲಿ, ಯಾರೂ ಬಂದು ಕೇಳಬೇಕಾಗಿಲ್ಲ.

ಹಂತ 1: ಮೈಯಿಂದ ಶುರು (ಕ್ಲಾಸ್ 1, 2)

ಮೊದಲ ಎರಡು ಕ್ಲಾಸಲ್ಲಿ ಮನೆ ಬಗ್ಗೆ ಒಂದು ಪ್ರಶ್ನೆನೂ ಬೇಡ. ನಡೆಸಿ, ಓಡಿಸಿ, ನಿಲ್ಲಿಸಿ, ಕಣ್ಣು ಮುಚ್ಚಿ ಒಬ್ಬರನ್ನೊಬ್ಬರು ಕೈಹಿಡಿದು ಸುತ್ತಿಸಲಿ. ಮೈ ಬಿಸಿಯಾದಮೇಲೆ ಇದನ್ನ ಮಾಡಿಸಿ: "ನಿಮ್ಮ ಮನೇಲಿ ದಿನಾ ನೋಡೋ ಒಂದು ಕೆಲಸದ ಕೈ ತೋರಿಸಿ. ಕೈ ಮಾತ್ರ."

ಮುದ್ದೆ ಕೋಲು ತಿರುಗಿಸೋ ಕೈ ಬರತ್ತೆ, ಜೋಳದ ರೊಟ್ಟಿ ತಟ್ಟೋ ಕೈ ಬರತ್ತೆ, ಹೂ ಕಟ್ಟೋ ಬೆರಳು, ಗಾರ್ಮೆಂಟ್ಸಲ್ಲಿ ಬಟ್ಟೆ ಮುಂದೆ ತಳ್ಳೋ ಅಂಗೈ, ಲ್ಯಾಪ್‌ಟಾಪ್ ಮುಂದೆ ಕುತ್ತಿಗೆ ಒತ್ತಿಕೊಳ್ಳೋ ಅಪ್ಪನ ಕೈ. ಅದನ್ನ ಎಂಟು ಎಣಿಕೆಗೆ ಕೂರಿಸಿ ದಮ್ಮಡಿ ಬಾರಿಸಿ. ಮೊದಲು ಇದ್ದಷ್ಟೇ, ಆಮೇಲೆ ಇಡೀ ಮೈಗೆ ದೊಡ್ಡದಾಗಲಿ, ಆಮೇಲೆ ಬೆರಳ ತುದಿಗೆ ಇಳೀಲಿ. ಆಮೇಲೆ ಪಕ್ಕದವರ ಕೈ ಕಲಿತುಕೊಳ್ಳಲಿ. ಎರಡನೇ ಕ್ಲಾಸ್ ಮುಗಿಯೋವಾಗ ಹದಿನೈದು ಜನರೂ ಎಲ್ಲರ ಮನೆ ಕೈ ಮಾಡೋಕೆ ಕಲ್ತಿರ್ತಾರೆ, ಒಬ್ಬರೂ ಇನ್ನೂ ತಮ್ಮ ಮನೆ ಕಥೆ ಹೇಳಿರಲ್ಲ. ನಂಬಿಕೆ ಹುಟ್ಟೋದು ಇಲ್ಲಿ.

ತಪ್ಪು ಎಲ್ಲಾಗತ್ತೆ ಅಂದ್ರೆ, ‘ಅಜ್ಜಿ’ ಅಂದ ಕೂಡಲೇ ಬೆನ್ನು ಬಗ್ಗತ್ತೆ, ಕೈಗೆ ಕೋಲು ಬರತ್ತೆ, ಕೆಮ್ಮು ಬರತ್ತೆ, ಎಲ್ಲಾ ನಗ್ತಾರೆ. ನಗು ಕೇಳಿಸಿದ ತಕ್ಷಣ ನಿಲ್ಲಿಸಿ. ಬೈಯೋದು ಬೇಡ, "ನಿನ್ನಜ್ಜಿ ಬೆಳಗ್ಗೆ ಎದ್ದು ಮೊದಲು ಏನು ಮುಟ್ತಾಳೆ?" ಅಂತ ಕೇಳಿ. ಕನ್ನಡಕ ಹುಡುಕೋ ಕೈ, ಮಾತ್ರೆ ಡಬ್ಬಿ ತೆಗೆಯೋ ಕೈ ಬಂದ್ರೆ ಕೆಮ್ಮೋ ಅಜ್ಜಿ ತಾನಾಗೇ ಹೋಗ್ತಾಳೆ.

ಹಂತ 2: ಹೆಸರು (ಕ್ಲಾಸ್ 3)

ನಮ್ಮ ಕಡೆ ಹೆಸರಿನ ಮುಂದಿರೋ ಇನಿಷಿಯಲ್ ಒಳ್ಳೇ ಆಟದ ಸಾಮಾನು. ಎರಡಕ್ಷರ ಇದ್ರೆ ಸಾಮಾನ್ಯವಾಗಿ ಒಂದು ಊರು, ಒಂದು ಅಪ್ಪನ ಹೆಸರು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗನ ಹೆಸರಲ್ಲಿ ಅವನು ಒಂದು ರಾತ್ರಿನೂ ಮಲಗಿರದ ಊರಿನ ಅಕ್ಷರ ಕೂತಿರತ್ತೆ. ಆ ಅಕ್ಷರ ಬಿಡಿಸಿ ಹೇಳಲಿ. ಗೊತ್ತಿಲ್ಲದೇ ಇದ್ರೆ ಕಟ್ಟಿ ಹೇಳಲಿ, ಹೇಳೋಕೆ ಇಷ್ಟ ಇಲ್ಲದೇ ಇದ್ರೂ ಕಟ್ಟಿ ಹೇಳಲಿ. ನಿಜ ಯಾವುದು ಕಟ್ಟಿದ್ದು ಯಾವುದು ಅಂತ ಯಾರೂ ಕೇಳೋ ಹಾಗಿಲ್ಲ, ಇದು ಇಡೀ ಕೋರ್ಸಿನ ನಿಯಮ. ಇನಿಷಿಯಲ್ ಬದಲು ಸರ್‌ನೇಮ್ ಇರೋರಿಗೆ, ಅಮ್ಮನ ಹೆಸರನ್ನ ಇನಿಷಿಯಲ್ ಮಾಡ್ಕೊಂಡಿರೋರಿಗೆ ಇದೇ ನಿಯಮ ಕಾಪಾಡತ್ತೆ.

ಆಮೇಲೆ ಸಾರಥಿ ಆಟ. ಬಯಲುಸೀಮೆ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಹೊಸ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ (ರಥ ಓಡಿಸೋನಲ್ಲ, ಪಾತ್ರಗಳನ್ನ ಮಾತಾಡಿಸೋನು) ಎದುರು ನಿಂತು ತಾವು ಯಾರು, ಎಲ್ಲಿಂದ ಬಂದಿರಿ, ತಮ್ಮ ನಾಮಾಂಕಿತವೇನು ಅಂತ ಕೇಳ್ತಾನೆ, ಪಾತ್ರ ತನ್ನ ಪರಿಚಯ ತಾನೇ ಹೇಳ್ಕೊಳ್ಳತ್ತೆ. ಅದನ್ನ ಹಾಗೇ ಎತ್ಕೊಳ್ಳಿ. ಚಾಕಲ್ಲಿ ಒಂದು ಚೌಕ ಬರೀರಿ, ಒಂದು ಮಗು ಕುಣಿತದ ಹೆಜ್ಜೆ ಹಾಕ್ಕೊಂಡು ಒಳಗೆ ಬರಲಿ, ಸಾರಥಿ ಆಗಿರೋರು ಕೇಳಲಿ, ಬಂದವರು ಮೂರು ಹೆಸರು ಹೇಳಲಿ: ದಾಖಲೇಲಿರೋದು, ಮನೇಲಿ ಕರೆಯೋದು, ತಾನೇ ಇಟ್ಕೋಬೇಕು ಅಂತಿರೋದು. ಹದಿನೈದು ವರ್ಷದವರು ಈ ಮೂರನೇ ಹೆಸರು ಹೇಳೋವಾಗ ನಿಲ್ಲೋ ರೀತಿನೇ ಬೇರೆ, ಅದನ್ನ ಗಮನಿಸಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಮುಂದೆ ಪಾತ್ರ ಹಂಚೋವಾಗ ಬೇಕಾಗತ್ತೆ.

ಸಾರಥಿಗೆ ಒಂದು ಎಚ್ಚರಿಕೆ ಕೊಡಿ, ಪ್ರಶ್ನೆ ಮೂರೇ. ನಾಲ್ಕನೇ ಪ್ರಶ್ನೆ ಬಂದ್ರೆ ಅದು ಇಂಟರ್‌ವ್ಯೂ ಆಗತ್ತೆ, ಐದನೇದು ಬಂದ್ರೆ ಪೊಲೀಸ್ ವಿಚಾರಣೆ ಆಗತ್ತೆ.

ಹಂತ 3: ಮನೆಯಿಂದ ಒಂದು ವಸ್ತು (ಕ್ಲಾಸ್ 4, 5)

ಮನೇಲಿ ಹಳೇದು ಅನ್ನಿಸೋ ಒಂದು ವಸ್ತು ತರಲಿ. ಬಂಗಾರ ಬೇಡ, ಕಳೆದ್ರೆ ಜಗಳ ಆಗೋದು ಬೇಡ, ದೇವರ ಮನೇದೂ ಬೇಡ. ಪಾವು, ಸೇರು, ಅಡಕತ್ತರಿ, ಟಿಫನ್ ಕ್ಯಾರಿಯರ್, ಎಚ್‌ಎಂಟಿ ವಾಚು, ಬೀಗ ಇಲ್ಲದ ಬೀಗದ ಕೈ, ಹಳೇ ಬಸ್ ಪಾಸು. ಹಳೇದು ಏನೂ ಇಲ್ಲ ಅನ್ನೋ ಮನೆಗಳು ಬೇಕಾದಷ್ಟಿವೆ, ಪದೇ ಪದೇ ಬಾಡಿಗೆ ಮನೆ ಬದಲಾಯಿಸೋರ ಹತ್ರ ಏನುಳಿಯತ್ತೆ? ಅವರು ಮನೆ ಬದಲಾಯಿಸಿದ್ರೂ ಬಿಡದೇ ಹೊತ್ಕೊಂಡು ಬಂದಿರೋದನ್ನ ತರಲಿ, ಅದು ಪ್ಲಾಸ್ಟಿಕ್ ಬಕೆಟ್ ಆದ್ರೂ ಸರಿ. ಒಬ್ಬ ಹುಡುಗ ಬಕೆಟ್ಟೇ ತಂದಿದ್ದ, ಯಾದಗಿರಿ ಕಡೆಯಿಂದ ಅವರಪ್ಪ ಕಟ್ಟಡದ ಕೆಲಸಕ್ಕೆ ಬಂದಾಗ ಬಟ್ಟೆ ತುಂಬ್ಕೊಂಡು ಬಂದ ಬಕೆಟ್ಟು ಅದು, ಅವತ್ತಿನ ಕ್ಲಾಸಲ್ಲಿ ಅದಕ್ಕಿಂತ ಒಳ್ಳೇ ವಸ್ತು ಇರಲಿಲ್ಲ.

ವಸ್ತುವನ್ನ ಮಧ್ಯ ಇಟ್ಟು ಸುಮ್ನೆ ಐದು ನಿಮಿಷ ನೋಡಿಸಿ. ಮುಟ್ಟಲಿ, ಮೂಸಿ ನೋಡಲಿ. ಆಮೇಲೆ ವಸ್ತುವಿನ ಬಾಯಲ್ಲೇ ಹತ್ತು ಸಾಲು ಬರೀಲಿ, "ನಾನು ಒಂದು ಸೇರು" ಅಂತ ಶುರುವಾಗಲಿ. ನನ್ನನ್ನ ಕೊನೇ ಸಲ ಬಳಸಿದ್ಯಾರು, ನಾನು ಎಲ್ಲಿ ಇರ್ತಿದ್ದೆ, ನಾನು ಕೇಳಿಸಿಕೊಂಡ ಒಂದು ಮಾತು ಏನು. ‘ನಮ್ಮಪ್ಪ ಕುಡೀತಿದ್ರು’ ಅಂತ ಹದಿಹರೆಯದವರು ಎಲ್ಲರೆದುರು ಹೇಳೋಕಾಗಲ್ಲ, ಹೇಳಿಸಲೂಬಾರದು. ಆದರೆ ಸ್ಟೀಲ್ ಲೋಟ ತನಗೆ ಬಿದ್ದ ನೆಗ್ಗಿನ ಬಗ್ಗೆ ಹೇಳಬಹುದು. ಕೇಳೋರಿಗೆ ಅರ್ಥ ಆಗತ್ತೆ, ಹೇಳಿದವರಿಗೆ ಅಡಗೋಕೆ ಜಾಗ ಇರತ್ತೆ.

ಇಲ್ಲಿ ನೀವು ಮಾಡೋ ದೊಡ್ಡ ತಪ್ಪು ಅಂದ್ರೆ "ಲೋಟ ಅಂದ್ರೆ ನೀನೇ ಅಲ್ವಾ?" ಅಂತ ಕೇಳೋದು. ಯಾವತ್ತೂ ಕೇಳಬೇಡಿ. ಲೋಟ ಲೋಟವಾಗೇ ಇರಲಿ.

ಹಂತ 4: ಹಿರಿಯರ ಹತ್ರ ಕೇಳ್ಕೊಂಡು ಬರೋದು (ಕ್ಲಾಸ್ 6, 7 ಮತ್ತು ಮಧ್ಯದ ವಾರ)

"ಅಜ್ಜಿ, ನಿನ್ನ ಕಥೆ ಹೇಳು" ಅಂದ್ರೆ ಅಜ್ಜಿ "ನಂದೇನಿದೆ ಕಥೆ, ಹೋಗಿ ಓದ್ಕೋ" ಅಂತಾಳೆ. ತಪ್ಪು ಅಜ್ಜಿದಲ್ಲ, ಪ್ರಶ್ನೇದು. ಅದಕ್ಕೆ ಪ್ರಶ್ನೆ ಕೇಳೋದನ್ನೇ ಒಂದು ಕ್ಲಾಸ್ ಪೂರ್ತಿ ಅಭ್ಯಾಸ ಮಾಡಿಸಿ, ಒಬ್ಬರು ಅಜ್ಜಿ ಆಗಿ ಒಬ್ಬರು ಮೊಮ್ಮಗಳಾಗಿ.

ಹಿರಿಯರು ಕೈಕೆಲಸ ಮಾಡ್ತಿರೋವಾಗ ಕೇಳಬೇಕು, ಅವರೆಕಾಯಿ ಬಿಡಿಸ್ತಿದ್ರೆ ಜೊತೆಗೆ ಕೂತು ಬಿಡಿಸ್ತಾ ಕೇಳಬೇಕು. ಇಪ್ಪತ್ತು ನಿಮಿಷ ಸಾಕು. ರೆಕಾರ್ಡ್ ಮಾಡೋ ಮೊದಲು ಕೇಳಿ, ಮೊಬೈಲನ್ನ ಎದುರಿಗೇ ಇಡಲಿ, ಬಚ್ಚಿಟ್ಟು ಮಾಡಿದ ರೆಕಾರ್ಡಿಂಗ್ ಬಂದ್ರೆ ಕೇಳದೇ ಡಿಲೀಟ್ ಮಾಡಿಸಿ.

ಕೇಳಬೇಕಾದ್ದು ಚಿಕ್ಕ ಚಿಕ್ಕದು. ಬೆಂಗಳೂರಿಗೆ ಬಂದ ಮೊದಲನೇ ದಿನ ಯಾವ ಬಸ್ಸು, ಯಾವ ರೈಲು? ಮೆಜೆಸ್ಟಿಕಲ್ಲಿ ಇಳಿದ ಮೇಲೆ ಯಾರ ಮನೆಗೆ ಹೋದ್ರಿ? ಮೊದಲ ರಾತ್ರಿ ಎಲ್ಲಿ ಮಲಗಿದ್ರಿ, ಏನು ತಿಂದ್ರಿ? ಜೊತೆಗೆ ತಂದಿದ್ದೇನು, ಬಿಟ್ಟು ಬಂದಿದ್ದೇನು? ತಲೆಮಾರುಗಳಿಂದ ಇಲ್ಲೇ ಇರೋರಿಗೆ ಬೇರೆ ಪ್ರಶ್ನೆ: ನಿಮ್ಮ ಕಣ್ಣೆದುರು ಯಾವ ತೋಟ ಲೇಔಟ್ ಆಯ್ತು, ಯಾವ ಕೆರೆ ಏನಾಯ್ತು? ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಇದೆ, ಧರ್ಮಾಂಬುಧಿ ಕೆರೆ ಜಾಗದಲ್ಲಿ ಬಸ್ ಸ್ಟ್ಯಾಂಡ್ ಇದೆ ಅಂತ ಒಂದೆರಡು ಉದಾಹರಣೆ ಹೇಳಿದ್ರೆ ಸಾಕು, ಹಿರಿಯರು ತಮ್ಮ ಏರಿಯಾದ್ದು ತಾವೇ ಶುರು ಮಾಡ್ತಾರೆ.

ಇಸವಿ ಕೇಳಬೇಡಿ, ಗುರುತು ಕೇಳಿ. "ಯಾವ ವರ್ಷ ಬಂದ್ರಿ?" ಅಂದ್ರೆ "ಯಾವಾಗ್ಲೋ" ಅಂತ ಉತ್ತರ ಬರತ್ತೆ. "ಇಂದಿರಾ ಗಾಂಧಿ ತೀರ್ಕೊಂಡಾಗ ಇಲ್ಲೇ ಇದ್ರಾ?" ಅಂದ್ರೆ ಕಥೆ ಹೊರಡತ್ತೆ. ನಾನು ಒಂದು ಪಟ್ಟಿ ಮಾಡಿ ಮಕ್ಕಳ ನೋಟ್‌ಬುಕ್ಕಲ್ಲಿ ಅಂಟಿಸ್ತೀನಿ: ಲಿಂಗನಮಕ್ಕಿ ಡ್ಯಾಮ್ 1964, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973, ಎಮರ್ಜೆನ್ಸಿ 1975, ಬೆಂಗಳೂರಲ್ಲಿ ವೀನಸ್ ಸರ್ಕಸ್‌ಗೆ ಬೆಂಕಿ ಬಿದ್ದಿದ್ದು 1981, ಇಂದಿರಾ ಗಾಂಧಿ ಹತ್ಯೆ 1984, ರಾಜ್‌ಕುಮಾರ್ ಅಪಹರಣ 2000, ಕೆಜಿಎಫ್ ಗಣಿ ಮುಚ್ಚಿದ್ದು 2001, ಮೆಟ್ರೋ ಓಡಿದ್ದು 2011. ಶರಾವತಿ ಮುಳುಗಡೆಯಿಂದ ಬಂದ ಮನೆಯವರಿಗೆ ಮೊದಲನೇದು ಸಾಕು, ಕೆಜಿಎಫ್ ಕಡೆಯವರಿಗೆ 2001 ಸಾಕು, ಪಟ್ಟಿಯ ಬೇರೆ ಯಾವುದನ್ನೂ ಕೇಳೋ ಅಗತ್ಯನೇ ಬರಲ್ಲ.

ಇನ್ನು ಮನೇಲಿ ಹಿರಿಯರೇ ಇಲ್ಲದ ಮಕ್ಕಳು, ಹಾಸ್ಟೆಲ್ ಮಕ್ಕಳು, ದತ್ತು ಬಂದ ಮಕ್ಕಳು, ಮನೆಯವರ ಜೊತೆ ಮಾತೇ ಇಲ್ಲದವರು. ಅವರಿಗೋಸ್ಕರ ಅಂತ ಬೇರೆ ಕೆಲಸ ಕೊಟ್ರೆ ಅವರು ಬೇರೆ ಅಂತ ಎಲ್ಲರೆದುರು ಬೆರಳು ತೋರಿಸಿದ ಹಾಗಾಗತ್ತೆ. ಅದಕ್ಕೇ ಆಯ್ಕೆಯನ್ನ ಎಲ್ಲರಿಗೂ ಒಂದೇ ಸಲ ಕೊಡಿ: ರಕ್ತ ಸಂಬಂಧದ ಹಿರಿಯರಾದ್ರೂ ಸರಿ, ನಿಮಗೆ ಏನಾದ್ರೂ ಕಲಿಸಿದ ಹಿರಿಯರಾದ್ರೂ ಸರಿ. ಸೈಕಲ್ ಕಲಿಸಿದ ಪಕ್ಕದ್ಮನೆ ಅಂಕಲ್, ಹೂವಿನ ಗಾಡಿ ಅಕ್ಕ, ಹಾಸ್ಟೆಲ್ ಅಡುಗೆ ಭಟ್ಟರು. ಆ ಅಂಕಲ್‌ಗೆ ಸೈಕಲ್ ಕಲಿಸಿದ್ಯಾರು ಅಂತ ಕೇಳ್ಕೊಂಡು ಬಂದ್ರೆ ಅದೂ ಒಂದು ವಂಶಾವಳಿನೇ. ನನ್ನ ಅನುಭವದಲ್ಲಿ ಅಜ್ಜಿ ತಾತ ಇರೋ ಮಕ್ಕಳೂ ಎಷ್ಟೋ ಜನ ಈ ಎರಡನೇದನ್ನೇ ಆರಿಸ್ಕೋತಾರೆ.

ಹಂತ 5: ಈಗ ವಂಶ (ಕ್ಲಾಸ್ 8, 9)

ಇಲ್ಲಿವರೆಗೆ ಬಂದಮೇಲೆ ಮಾತ್ರ ವಂಶಾವಳಿ. ಅದನ್ನೂ ಚಾರ್ಟಲ್ಲಿ ಬರೆಸೋದು ಬೇಡ, ಬಾಯಲ್ಲಿ ಹೇಳಿಸಿ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಮನೆ ಮುಂದೆ ನಿಂತು ಆ ಮನೆತನದ ಮೂಲ ಎಲ್ಲಿ, ಯಾರ ಮಕ್ಕಳು ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದ್ರು ಅಂತ ಹೇಳಿ ದವಸ, ಬಟ್ಟೆ, ದುಡ್ಡು ತಗೊಂಡು ಹೋಗೋರು. ನಮಗೆ ಬೇಕಾಗಿರೋದು ಆ ಹೇಳೋ ಕ್ರಮ ಮಾತ್ರ: ಒಬ್ಬರು ನಿಂತು ಇನ್ನೊಬ್ಬರ ಮನೆ ಮುಂದೆ ಆ ಮನೆಯವರ ಹೆಸರುಗಳನ್ನ ಗಟ್ಟಿಯಾಗಿ ಹೇಳೋದು. ಹೆಳವರು ಇವತ್ತಿಗೂ ಇರೋ ಸಮುದಾಯ, ಅವರ ವೇಷ ಹಾಕಿಸಿ ಎತ್ತಿನ ಮುಖವಾಡ ಮಾಡಿಸೋದು ಬೇಡ.

ಇಬ್ಬಿಬ್ಬರು ಜೊತೆಯಾಗಲಿ. ಒಬ್ಬರು ತಮಗೆ ಗೊತ್ತಿರೋ ಹೆಸರುಗಳನ್ನ ಕಿವಿಯಲ್ಲಿ ಹೇಳ್ಲಿ, ಇನ್ನೊಬ್ಬರು ನಿಂತು ಅದನ್ನ ಸಭೆಗೆ ಹೇಳ್ಲಿ. ಒಂದೊಂದು ಹೆಸರಿಗೂ ಒಂದು ಕೆಲಸದ ಕೈ, ಹಂತ 1ರಲ್ಲಿ ಕಲಿತಿದ್ದು. ವಂಶಾವಳಿ ಸಾಮಾನ್ಯವಾಗಿ ಅಪ್ಪನ ಕಡೆಯಿಂದಾನೇ ಇಳಿಯತ್ತೆ, ಒಂದು ಸುತ್ತು ಹಾಗೆ ಆಗಲಿ. ಆಮೇಲೆ ಹೇಳಿ: ಈಗ ಅಮ್ಮನ ಕಡೆ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ.

ಮೂರನೇ ಹೆಸರಿಗೆ ಹೆಚ್ಚುಕಡಿಮೆ ಎಲ್ಲರೂ ನಿಂತುಹೋಗ್ತಾರೆ. ಮುತ್ತಜ್ಜಿಯ ಹೆಸರು ಗೊತ್ತಿರಲ್ಲ. ಕೆಲವರಿಗೆ ಎರಡನೇದೂ ಗೊತ್ತಿರಲ್ಲ, ಅಜ್ಜಿಯನ್ನ ಅಜ್ಜಿ ಅಂತಲೇ ಕರೆದಿರ್ತಾರೆ. ಆಗ ಫೋನ್ ಮಾಡಿ ಕೇಳೋಕೆ ಬಿಡಬೇಡಿ. ಹೆಸರಿಲ್ಲದ ಕಡೆ ಹೇಳೋರು ಬಾಯಿ ಮುಚ್ಚಲಿ, ತಮಟೆಗೆ ಒಂದು ಪೆಟ್ಟು ಬೀಳಲಿ, ಕೈ ಮಾತ್ರ ಕೆಲಸ ಮಾಡ್ತಾ ಇರಲಿ. ಏಳು ತಲೆಮಾರು ಬರೆಯೋ ಹುಡುಗನೂ, ಅಮ್ಮ ಅಂತ ಒಂದೇ ಬಾಕ್ಸ್ ಬರೆಯೋ ಹುಡುಗಿನೂ ಇಲ್ಲಿ ಒಂದೇ ಜಾಗದಲ್ಲಿ ನಿಲ್ತಾರೆ. ಇದನ್ನ ನಾನು ಮೊದಲ ಸಲ ನೋಡಿದಾಗ ನನಗೆ ಮಾತೇ ಬರಲಿಲ್ಲ, ಈಗಲೂ ಪ್ರತಿ ಬ್ಯಾಚಲ್ಲೂ ಈ ಕ್ಲಾಸಿಗೆ ನಾನು ಕಾಯ್ತೀನಿ.

ಈಗ ಜಾತಿ ವಿಷಯ. ವಂಶ ಅಂದ್ರೆ ಅದು ಬಂದೇ ಬರತ್ತೆ, ಬರಲ್ಲ ಅಂದ್ಕೊಂಡು ಕೂರಬೇಡಿ. "ನಿಮ್ಮದು ಯಾವ ಕಡೆ?", "ಮನೆದೇವರು ಯಾವುದು?", "ನೀವು ಯಾವ ಜನ?" ಅಂತ ಬಾಡಿಗೆ ಮನೆ ಹುಡುಕೋವಾಗ ಕೇಳಿಸಿಕೊಂಡಿರೋ ಮಕ್ಕಳು ನಿಮ್ಮ ಕ್ಲಾಸಲ್ಲೇ ಇರ್ತಾರೆ. ನಿಯಮ ಇಷ್ಟು: ಯಾರ ಜಾತಿಯನ್ನೂ ಯಾರೂ ಕೇಳೋ ಹಾಗಿಲ್ಲ, ಯಾರಾದ್ರೂ ತಾವಾಗೇ ಹೇಳಿದ್ರೆ ತಡೆಯೋ ಹಾಗಿಲ್ಲ.

ನೀವು ನೋಡ್ಕೋಬೇಕಾದ ಲಕ್ಷಣ ಎರಡು. ನಮ್ಮೋರು ಶಾನುಭೋಗರು, ಪಟೇಲರು, ಜೋಡಿದಾರರು (ಹಿಂದೆ ಊರಿನ ಅಧಿಕಾರ, ಜಮೀನು ಕೈಲಿದ್ದೋರು) ಅಂತ ಹೇಳ್ಕೊಳ್ಳೋ ಮಕ್ಕಳ ದನಿ ದಿನದಿಂದ ದಿನಕ್ಕೆ ದೊಡ್ಡದಾಗ್ತಿದ್ರೆ, ಉಳಿದವರು "ನಮ್ದೇನಿಲ್ಲ ಮಿಸ್" ಅಂತಿದ್ರೆ, ನಿಮ್ಮ ಪ್ರಶ್ನೆ ಎಲ್ಲೋ ‘ಏನಾಗಿದ್ರು’ ಕಡೆಗೆ ಜಾರಿದೆ ಅಂತ ಅರ್ಥ. ಮತ್ತೆ ‘ಕೈ ಏನು ಮಾಡ್ತಿತ್ತು, ಎಷ್ಟು ದೂರ ನಡೆದ್ರು’ ಕಡೆಗೆ ತನ್ನಿ. ಎರಡನೇದು ಇನ್ನೂ ಸೂಕ್ಷ್ಮ. ದಲಿತ ಮಕ್ಕಳ ಮನೆಯ ನೋವಿನ ಕಥೆ ಬಂದಾಗ ನಾಟಕಕ್ಕೆ ‘ಪವರ್’ ಬರತ್ತೆ ಅಂತ ನಮಗೆ ಆಸೆಯಾಗತ್ತೆ. ನಾನು ಒಮ್ಮೆ ಒಬ್ಬ ಹುಡುಗನಿಗೆ "ಇದನ್ನ ಸ್ವಲ್ಪ ಜಾಸ್ತಿ ಹೇಳು" ಅಂದೆ. ಅವನು ಹೇಳ್ದ. ಮುಂದಿನ ವಾರದಿಂದ ಬರಲಿಲ್ಲ. ಅವನು ತಂದಿದ್ದ ವಸ್ತು ಅವರ ತಾತನ ತಮಟೆ, ತಾತ ಎಷ್ಟು ಚೆನ್ನಾಗಿ ಬಾರಿಸ್ತಿದ್ರು ಅಂತ ಹೇಳೋಕೆ ಬಂದಿದ್ದ, ನಾನು ಅದನ್ನ ಕೇಳಿಸಿಕೊಳ್ಳಲೇ ಇಲ್ಲ. ಮಗು ಏನು ಹೇಳೋಕೆ ಬಂದಿದೆಯೋ ಅಷ್ಟನ್ನೇ ತಗೊಳ್ಳಿ.

ಹಂತ 6: ಕಥೆ ಬದಲಾಯಿಸಿಕೊಳ್ಳೋದು (ಕ್ಲಾಸ್ 10)

ಯಾರೂ ತಮ್ಮ ಮನೆ ಕಥೆಯಲ್ಲಿ ತಾವೇ ಆಕ್ಟ್ ಮಾಡೋ ಹಾಗಿಲ್ಲ. 1975ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಲೇಬ್ಯಾಕ್ ಥಿಯೇಟರಲ್ಲೂ ಹೀಗೇ, ಕಥೆ ಹೇಳಿದವರು ಪಕ್ಕದಲ್ಲಿ ಕೂತು ನೋಡ್ತಾರೆ, ಆಡೋದು ಬೇರೆಯವರು. ಕಥೆ ಹೇಳಿದ ಮಗುವಿನ ಕೈಗೆ ಒಂದು ಚಾಕ್‌ಪೀಸ್ ಕೊಡಿ, ಅದನ್ನ ಮೇಲೆತ್ತಿದ ಕೂಡಲೇ ಆಟ ನಿಲ್ಲಬೇಕು. "ನಮ್ಮಜ್ಜಿ ಹಾಗೆ ಅಳಲ್ಲ, ಎದ್ದು ಹೋಗಿ ಪಾತ್ರೆ ತೊಳೀತಾರೆ" ಅಂತ ಅವರು ತಿದ್ದಲಿ. ನಿರ್ದೇಶನ ಅನ್ನೋದನ್ನ ಮಕ್ಕಳು ಕಲಿಯೋದು ಈ ಚಾಕ್‌ಪೀಸಿಂದ.

ಹಂತ 7: ಸೀನ್ ಕಟ್ಟೋದು (ಕ್ಲಾಸ್ 11, 12 ಮತ್ತು ರಿಹರ್ಸಲ್)

ಹದಿನೈದು ಕಥೆಯಲ್ಲಿ ಐದೋ ಆರೋ ಸೀನ್ ಸಾಕು, ಒಂದೊಂದು ಮೂರ್ನಾಲ್ಕು ನಿಮಿಷ, ಮಧ್ಯೆ ಸಾರಥಿ, ಹೆಸರು ಹೇಳೋದು, ಕೆಲಸದ ಕೈ. ಒಟ್ಟು 35 ನಿಮಿಷ ದಾಟಬೇಡಿ. ಸೀನ್ ಆಗದೇ ಉಳಿದ ಕಥೆಗಳ ಒಂದು ಸಾಲು, ಒಂದು ವಸ್ತು, ಒಂದು ಹೆಸರಾದ್ರೂ ಎಲ್ಲೋ ಬರಲೇಬೇಕು, ಪಟ್ಟಿ ಇಟ್ಕೊಂಡು ಟಿಕ್ ಮಾಡಿ.

ಇವನ್ನೆಲ್ಲ ಪೋಣಿಸೋಕೆ ಒಂದು ಜಾಗ ಹುಡುಕಿ. ನಾವು ಒಂದು ಸಲ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇಟ್ಕೊಂಡ್ವಿ, ಎಲ್ಲ ಕಾಲದವರೂ ಒಂದೇ ಪ್ಲಾಟ್‌ಫಾರ್ಮಲ್ಲಿ ಇಳೀತಾರೆ, 1964ರಲ್ಲಿ ಬಂದೋರೂ ಹೋದ ವರ್ಷ ಬಂದೋರೂ ಒಬ್ಬರನ್ನೊಬ್ಬರು ದಾರಿ ಕೇಳ್ತಾರೆ. ಇನ್ನೊಂದ್ಸಲ ಬಾಡಿಗೆ ಮನೆಯ ಖಾಲಿ ರೂಮು. ಜಾಗ ಒಂದಾದ್ರೆ ನಿರೂಪಕ ಬೇಕಾಗಲ್ಲ, ನಿರೂಪಕ ಇಲ್ಲದೇ ಇದ್ರೆ ನಾಟಕ ಅರ್ಧ ಗೆದ್ದ ಹಾಗೆ.

ಪ್ರತಿ ಸೀನಿಗೂ ಒಂದೇ ಪ್ರಶ್ನೆ ಕೇಳಿ, ಇಲ್ಲಿ ಯಾರಿಗೆ ಈಗ ಏನು ಬೇಕು? ‘ಅಜ್ಜಿ ಕಷ್ಟಪಟ್ರು’ ಅನ್ನೋದು ಸೀನ್ ಅಲ್ಲ. ಅಜ್ಜಿಗೆ ಬೆಳಗಾಗೋದ್ರೊಳಗೆ ಐದು ರೂಪಾಯಿ ಬೇಕು, ಕೊಡೋರು ಬಾಗಿಲು ತೆಗೀತಿಲ್ಲ, ಇದು ಸೀನ್.

ಭಾಷೆ ಬಗ್ಗೆ ಭಯ ಬೇಡ. ಮನೇಲಿ ತಮಿಳು, ತೆಲುಗು, ಉರ್ದು, ತುಳು, ಮರಾಠಿ, ಹಿಂದಿ ಮಾತಾಡೋ ಮಕ್ಕಳು ಹಿರಿಯರ ಮಾತನ್ನ ಹಿರಿಯರ ಭಾಷೇಲೇ ಹೇಳಲಿ. ಜೊತೆಗಿರೋ ಪಾತ್ರ ಅದನ್ನೇ ಕನ್ನಡದಲ್ಲಿ ವಾಪಸ್ ಕೇಳ್ಲಿ, "ಏನು, ಮನೆ ಬಿಡಬೇಕಾ?" ಅಂತ. ಪ್ರೇಕ್ಷಕರಿಗೆ ಅರ್ಥ ಆಗತ್ತೆ, ಅನುವಾದ ಮಾಡಿದ ಹಾಗೂ ಅನ್ನಿಸಲ್ಲ. ಧಾರವಾಡ, ಕಲಬುರಗಿ ಕಡೆ ಕನ್ನಡ ಬರೋ ಮಕ್ಕಳನ್ನ ‘ಸರಿಯಾಗಿ’ ಮಾತಾಡು ಅಂತ ತಿದ್ದಬೇಡಿ, ಅವರು ತಂದಿರೋದೇ ಆ ಮಾತನ್ನ.

ರಿಹರ್ಸಲಲ್ಲಿ ಕತ್ತರಿ ಹಾಕಬೇಕಾದ್ದು: ಹಿನ್ನೆಲೆಗೆ ಕೊಳಲಿನ ರೆಕಾರ್ಡೆಡ್ ಮ್ಯೂಸಿಕ್, ಮಂಡಿಯೂರಿ ಮೇಲೆ ನೋಡ್ತಾ ಅಳೋದು, ಕೊನೇಲಿ ಎಲ್ಲಾ ಕೈಕೈ ಹಿಡಿದು "ನಾವೆಲ್ಲರೂ ಒಂದೇ" ಅನ್ನೋದು. ಇಷ್ಟು ಹೊತ್ತು ಒಬ್ಬೊಬ್ಬರೂ ಬೇರೆ ಅಂತ ಪ್ರೀತಿಯಿಂದ ತೋರಿಸಿ ಕೊನೇ ನಿಮಿಷದಲ್ಲಿ ಅದನ್ನ ಅಳಿಸಿಹಾಕಬೇಡಿ.

ಹಂತ 8: ತೋರಿಸೋದು

ಶೋಗೆ ಒಂದು ವಾರ ಮುಂಚೆ ಪ್ರತಿ ಸೀನನ್ನೂ ಆಯಾ ಮನೆಯ ಹಿರಿಯರಿಗೆ ಓದಿ ಹೇಳಿ. ಹೆಸರು ಬದಲಾಯಿಸಿ ಅಂದ್ರೆ ಬದಲಾಯಿಸಿ, ತೆಗೀರಿ ಅಂದ್ರೆ ತೆಗೀರಿ. ಕೊನೇ ಗಳಿಗೇಲಿ ಸೀನ್ ಹೋದ್ರೆ ಅಂತ ಒಂದು ವಸ್ತುವಿನ ಮಾತನ್ನ ರೆಡಿ ಇಟ್ಕೊಂಡಿರಿ.

ದೊಡ್ಡ ಹಾಲ್ ಆಸೆ ಬೇಡ. ಮೈಕ್ ಹಾಕಿದ ಕೂಡಲೇ ಈ ಮಾತುಗಳು ಭಾಷಣ ಆಗ್ಬಿಡ್ತವೆ. ಐವತ್ತರವತ್ತು ಜನ ಮೂರು ಕಡೆ ಕೂರೋ ರೂಮು, ಅಜ್ಜಿ ತಾತಂದಿರಿಗೆ ಮುಂದಿನ ಸಾಲಲ್ಲಿ ಬೆನ್ನಿರೋ ಕುರ್ಚಿ, ಅಷ್ಟೇ. ವೀಡಿಯೋ ಬೇಡ ಅಂತ ಮೊದಲೇ ಹೇಳಿ. ಅಪ್ಪ ಅಮ್ಮ ತಮ್ಮ ಮಗುವಿನ ವೀಡಿಯೋ ತೆಗೆದು ಹಾಕಿದ್ರೆ ಅದರಲ್ಲಿರೋದು ಇನ್ನೊಂದು ಮನೆಯ ಕಥೆ, ಇದನ್ನ ಹೀಗೇ ಬಿಡಿಸಿ ಹೇಳಿದ್ರೆ ಅರ್ಥ ಮಾಡ್ಕೋತಾರೆ.

ಯಾವಾಗ ಕೆಲಸ ನಿಲ್ಲಿಸಬೇಕು

ಯಾವ ಹಂತದಲ್ಲಾದ್ರೂ ಇವು ಕಂಡ್ರೆ ಆಟ ನಿಲ್ಲಿಸಿ: ಮಾತಾಡ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾಗೋದು, ಎರಡು ಕ್ಲಾಸ್ ತಪ್ಪಿಸೋದು, ಎಲ್ಲದಕ್ಕೂ ಜೋರಾಗಿ ನಗೋದು, ಸೆಕೆ ಇದ್ರೂ ತೋಳು ಮುಚ್ಚಿಕೊಂಡೇ ಇರೋದು, ಬರೆದಿದ್ರಲ್ಲಿ ಸಾಯೋ ಮಾತು ಮತ್ತೆ ಮತ್ತೆ ಬರೋದು. ಅಳು ಒಂದೇ ಇದ್ರೆ ಗಾಬರಿ ಬೇಡ, ಅತ್ತು ನೀರು ಕುಡಿದು ತಾನಾಗೇ ವಾಪಸ್ ಬಂದ್ರೆ ಸರಿ ಇದೆ. ವಾಪಸ್ ಬರದೇ ಇದ್ರೆ ನಿಮ್ಮ ಜೊತೆಗಾರರು ಹೋಗಿ ಪಕ್ಕ ಕೂರಲಿ, ಕೌನ್ಸೆಲರ್ ಇದ್ರೆ ಅವತ್ತೇ ತಿಳಿಸಿ. ನಾವು ನಾಟಕದವರು, ಚಿಕಿತ್ಸೆ ಕೊಡೋಕೆ ಹೋಗಬಾರದು. "ಆಮೇಲೇನಾಯ್ತು?" ಅಂತ ಕೆದಕೋದನ್ನ ಮಾತ್ರ ಮಾಡಲೇಬೇಡಿ.

ಶೋ ಆದಮೇಲಿನ ಕ್ಲಾಸ್

ಮೊದಲೇ ಕ್ಯಾಲೆಂಡರಲ್ಲಿ ಬರ್ಕೊಂಡಿದ್ದು ಇದು. ಒಂದು ವಾರದೊಳಗೆ ಎಲ್ಲರೂ ಬರಬೇಕು. ರೆಕಾರ್ಡಿಂಗ್‌ಗಳನ್ನ ಅವರವರ ಮನೆಗೆ ಕಳಿಸಿ, ಅವರೆದುರೇ ನಿಮ್ಮ ಮೊಬೈಲಿಂದ ಡಿಲೀಟ್ ಮಾಡಿ. ಬೇರೆಯವರ ಪಾತ್ರ ಆಡಿದವರು ಎದ್ದು ಹೋಗಿ ಕಥೆ ಹೇಳಿದವರ ಎದುರು ನಿಂತು "ನಿಮ್ಮಜ್ಜಿ ಕೈಯನ್ನ ವಾಪಸ್ ಕೊಡ್ತಿದ್ದೀನಿ" ಅಂತ ಆ ಕೆಲಸದ ಕೈ ಒಂದ್ಸಲ ಮಾಡಿ ಮುಗಿಸಲಿ, ಇದು ಬಿಟ್ರೆ ಮಕ್ಕಳು ಆ ಪಾತ್ರವನ್ನ ಹೊತ್ಕೊಂಡೇ ಓಡಾಡ್ತಾರೆ.

ಆಮೇಲೆ ವಸ್ತುಗಳನ್ನ ವಾಪಸ್ ಕೊಡಿ, ಒಂದೊಂದಾಗಿ, ಹೆಸರು ಕರೆದು. ಆ ಹೊತ್ತಿಗೆ ಯಾರಾದ್ರೂ ಒಬ್ಬರು ಮನೇಲಿ ಕೇಳ್ಕೊಂಡು ಬಂದು "ಮಿಸ್, ಮುತ್ತಜ್ಜಿ ಹೆಸರು ಸಿಕ್ತು" ಅಂತ ಹೇಳ್ತಾರೆ. ತಮಟೆ ಕೈಗೆತ್ತಿಕೊಳ್ಳದೇ, ಎಲ್ಲರೂ ಸುಮ್ಮನಿದ್ದು, ಆ ಹೆಸರನ್ನ ಅವರ ಬಾಯಲ್ಲೇ ಒಂದ್ಸಲ ಗಟ್ಟಿಯಾಗಿ ಹೇಳಿಸಿ.